ನನ್ನ ಮುಮ್ಮೆದುಳು, ಖಾಜಾಸಾಬನ ಹೌದ್ರಿ

ಮೊದಲೇ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಸುರಪುರದ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಮೆದುಳಿನ ಪಾಠ ಹೇಳಿದವನು ನಾನು. ಆ ಪಾಠ ನನಗೇ ಬೇಕಾದ ದಿನ ಅದರ ಒಂದಕ್ಷರವೂ ನೆನಪಿಗೆ ಬರಲಿಲ್ಲ.

ನಮ್ಮ ಕಡೆ ಮಾತಿನಲ್ಲಿ ಮೆದುಳಿಗೆ ಅಂಥ ಮರ್ಯಾದೆಯೇನೂ ಇಲ್ಲ ನೋಡಿ. ತಿನ್ನುವುದು ತಲಿ, ಕೆಡುವುದು ತಲಿ, ಓಡುವುದೂ ತಲಿ. ಸಿಟ್ಟಿಗೆ ಮೂಗಿನ ತುದಿ ಕೊಟ್ಟಿದ್ದೇವೆ, ಕಿಚ್ಚಿಗೆ ಹೊಟ್ಟೆ, ಧೈರ್ಯಕ್ಕೆ ಎದೆ. ಎಲ್ಲ ಹಂಚಿದ ಮೇಲೆ ಮೆದುಳಿಗೆ ಉಳಿದ ಕೆಲಸ ಒಂದೇ: ಮಗಜ್ ಅನ್ನಿಸಿಕೊಂಡು ಉಳ್ಳಾಗಡ್ಡಿಯ ಜೊತೆ ಬಾಣಲೆಯಲ್ಲಿ ಹುರಿಯಿಸಿಕೊಳ್ಳುವುದು. ಇಂಥ ಊರಿನ ಮಕ್ಕಳ ಎದುರು ನಿಂತು ‘ಮುಮ್ಮೆದುಳು’ ಎಂದರೆ ಯಾವುದೋ ರಾಜನ ಬಿರುದು ಹೇಳುತ್ತಿದ್ದೇನೆಂದು ಅವರು ಅರ್ಧ ತಾಸು ಗಂಭೀರವಾಗಿ ಕೂತಿರುತ್ತಿದ್ದರು.

ನಾನೂ ಬಿಡುತ್ತಿರಲಿಲ್ಲ. ಮುಮ್ಮೆದುಳಿನೊಳಗಿನ ಥಲಾಮಸ್ ಎಂದರೆ ತಹಸೀಲ ಕಚೇರಿಯ ಆವಕ ವಿಭಾಗ ಎನ್ನುತ್ತಿದ್ದೆ. ಕಣ್ಣಿನದಿರಲಿ, ಕಿವಿಯದಿರಲಿ, ಬಂದ ಕಾಗದವೆಲ್ಲ ಅಲ್ಲಿ ಠಸ್ಸೆ ಹಾಕಿಸಿಕೊಂಡೇ ಮೇಲೆ ಹೋಗಬೇಕು. ವಾಸನೆ ಮಾತ್ರ ಸಾಹೇಬರ ಮನೆ ನೆಂಟನ ಹಾಗೆ ಹಿಂಬಾಗಿಲಿನಿಂದ ನೇರ ಒಳಗೆ. ಥಲಾಮಸ್ಸಿನ ಕೆಳಗಿನ ಹೈಪೋಥಲಾಮಸ್ ಬಾದಾಮಿಯಷ್ಟೇ ಇದ್ದರೂ ಹಸಿವು, ನೀರಡಿಕೆ, ಮೈಯ ಕಾವು ಎಲ್ಲ ಅದರ ಕೈಯಲ್ಲಿ. ಯಾದಗಿರಿಯ ಮೇ ತಿಂಗಳಲ್ಲಿ ಅದಕ್ಕೆ ಊಟಕ್ಕೂ ಬಿಡುವಿಲ್ಲ. ಮೇಲೆ ಸುಕ್ಕುಸುಕ್ಕಾಗಿ ಮಡಚಿಟ್ಟ ಮಹಾಮಸ್ತಿಷ್ಕ. ಅದರ ಹಿಂದಿನ ಹಾಲೆ ನೋಡುತ್ತದೆ, ಪಕ್ಕದ್ದು ಕೇಳುತ್ತದೆ, ನಡುನೆತ್ತಿಯದು ಮುಟ್ಟಿದ್ದನ್ನು ತಿಳಿಯುತ್ತದೆ. ಹಣೆಯ ಹಿಂದಿನದು ಯೋಚನೆ ಮಾಡುತ್ತದೆ ಮತ್ತು ನಾಲ್ಕು ಜನರ ಮುಂದೆ ಮಾನ ಕಾಯುತ್ತದೆ. ಕಣ್ಣು ಮುಂದಿದ್ದು ನೋಟ ಹಿಂದಿರುವುದು ಯಾಕೆಂದು ಮಾತ್ರ ನನ್ನನ್ನು ಕೇಳಬೇಡಿ. ದೇವರು ಸಾಮಾನು ಜೋಡಿಸುವ ರೀತಿ ನನ್ನ ಹೆಂಡತಿಯದರಂತೆಯೇ, ನನಗೆ ತಿಳಿಯುವಂಥದಲ್ಲ.

ಒಂದು ವರ್ಷ ಚಿತ್ರದಲ್ಲಿ ತೋರಿಸಿ ಸಾಕಾಗಿ ನಿಜವಾದ ಮೆದುಳನ್ನೇ ತೋರಿಸುವ ಹುರುಪು ಬಂತು. ಆದರೆ ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಾನು ಕಸಾಯಿ ಅಂಗಡಿಗೆ ಹೋಗುವುದು ಹೇಗೆ? ಶಹಾಪುರದಲ್ಲಿ ನಮ್ಮ ಓಣಿಯ ತುದಿಗೇ ಖಾಜಾಸಾಬನ ಟೇಲರ್ ಅಂಗಡಿ. ನನ್ನ ಮೊದಲ ಸಂಬಳದ ಪ್ಯಾಂಟಿನಿಂದ ಎಲ್ಲ ಬಟ್ಟೆ ಹೊಲಿದವನು, ನನ್ನ ಓರಗೆಯವನು, ದೋಸ್ತ. ಅವನೇ ಆಡಿನ ಮೆದುಳು ತಂದುಕೊಟ್ಟ. ಡಬ್ಬಿ ಕೈಗಿಡುವಾಗ ಅವನ ಮುಖದಲ್ಲಿ ನಿಜವಾದ ಸಂಕಟವಿತ್ತು. “ಇಷ್ಟ ತಾಜಾ ಮಾಲು, ಬರೇ ನೋಡಿ ಚೆಲ್ತೀರಿ ಏನ್ರಿ ಸರ?” ಎಂದ.

ತರಗತಿಯಲ್ಲಿ ದೇವಾಪುರದ ಹುಡುಗಿಯೊಬ್ಬಳು ಮೂಗು ಮುಚ್ಚಿಕೊಂಡೇ ಕೇಳಿದಳು: “ಸರ, ಇದರಾಗ ಮಾತು ಎಲ್ಲಿ ಇರತಾದ್ರಿ?” ನಾನು ಪೆನ್ಸಿಲ್ಲಿನಿಂದ ಎಡಗಡೆಯ ಮುಂಭಾಗ ಮುಟ್ಟಿ, ಹೆಚ್ಚಿನವರಿಗೆ ಇಲ್ಲಿ, ಇಲ್ಲಿ ರಕ್ತ ನಿಂತರೆ ಮಾತೂ ನಿಲ್ಲುತ್ತದೆ ಎಂದು ಠೀವಿಯಿಂದ ಹೇಳಿದೆ. “ಆಡಿಗಿ ಮೊದಲಽ ಮಾತು ಬರಂಗಿಲ್ಲಲ್ರಿ,” ಎಂದಳು. ಪಾಠ ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ಬಲ್ಲ ಪಂಡಿತ ಹೋದ ವರ್ಷ ಏನು ಮಾಡಿದ ಕೇಳಿ. ತಂಗಿಯ ಮಗಳ ಮದುವೆ ಅವಸರದಲ್ಲಿ ಗೊತ್ತಾಗಿ ಯಾದಗಿರಿಯಲ್ಲಿ ಒಂದು ರೆಡಿಮೇಡ್ ಅಂಗಿ ಕೊಂಡೆ. ಖಾಜಾಸಾಬನ ಮಟ್ಟಿಗೆ ರೆಡಿಮೇಡ್ ತೊಡುವುದೆಂದರೆ ಬೆನ್ನಿಗೆ ಚೂರಿ ಹಾಕಿದ ಹಾಗೆ. ಅದೇ ಕಾರಣಕ್ಕೆ ಸ್ವಂತ ಅಳಿಯನ ಜೊತೆ ಎಂಟು ದಿನ ಮಾತು ಬಿಟ್ಟ ಗಂಡು ಅವನು. ನಾನು ಬುದ್ಧಿಗೆಟ್ಟು ಅದೇ ಅಂಗಿಯಲ್ಲಿ ಬೆಳಿಗ್ಗೆ ಅವನ ಅಂಗಡಿಗೆ ಹೋದೆ. ಮಾತಾಡಿಸಿದೆ. ಅವನು ಮಾತಾಡಲಿಲ್ಲ. ನನ್ನ ಅಂಗಿಯನ್ನೇ ನೋಡಿದ, ಬಾಯಿ ತೆರೆದ, ಮುಚ್ಚಿದ. ಸಿಟ್ಟು ಬಂದಿದೆ, ಇಳಿಯಲಿ ಬಿಡು ಎಂದುಕೊಂಡು ಚಹಾ ತರಿಸಿದೆ. ನನ್ನ ಕಪ್ಪು ಕುಡಿದೆ. ಅವನು ಮುಟ್ಟದಿದ್ದಾಗ ಅವನದನ್ನೂ ಕುಡಿದೆ. ಅರ್ಧ ತಾಸು ಹಾಗೆ ಕೂತೆವು. ಅವನ ಹೆಂಡತಿ ರಜಿಯಾಬಿ ನಾಷ್ಟಾ ತಂದವರು ಬಾಗಿಲಲ್ಲೇ ಡಬ್ಬಿ ಬಿಟ್ಟು ಕೂಗಿದರು: “ಸರ! ಇವರ ಬಾಯಿ ಸೊಟ್ಟ ಆಗ್ಯಾದಲ್ರಿ!”

ಅದು ಲಕ್ವಾ. ಎಡ ಮೆದುಳಿನ ಮುಂಭಾಗದಲ್ಲಿ ರಕ್ತ ನಿಂತಿತ್ತು. ನಾನು ಪೆನ್ಸಿಲ್ ಇಟ್ಟಿದ್ದ ಜಾಗದಲ್ಲೇ.

ಕಲಬುರಗಿಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈ ತಿಂಗಳೊಳಗೆ ಸುಧಾರಿಸಿತು. ಮಾತು ಬರಲಿಲ್ಲ. ಅರ್ಧ ತಾಸು ಮೊದಲು ಬಂದಿದ್ದರೆ ಎಂದು ಡಾಕ್ಟರು ಯಾರನ್ನೂ ಬೈಯದೆ ಹೇಳಿದರು. ಆ ಅರ್ಧ ತಾಸಿನಲ್ಲಿ ನಾನು ಎರಡು ಕಪ್ಪು ಚಹಾ ಕುಡಿದಿದ್ದೆ. ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತದೆ.

ಮನೆಗೆ ಬಂದ ಖಾಜಾಸಾಬನಿಗೆ ಉಳಿದಿದ್ದ ಮಾತು ಒಂದೇ: “ಹೌದ್ರಿ.” ಊಟ ಆಯಿತೇ ಎಂದರೆ ಹೌದ್ರಿ, ಆಗಿಲ್ಲವೇ ಎಂದರೂ ಹೌದ್ರಿ. ಜನ್ಮದಲ್ಲಿ ಯಾರ ಮಾತನ್ನೂ ಒಪ್ಪದಿದ್ದ ಮನುಷ್ಯ! ಶುಕ್ರವಾರಕ್ಕೆ ಬ್ಲೌಸು ಸಿಗುತ್ತದೆಯೇ ಎಂದು ಕೇಳಿದ ಗಿರಾಕಿಗಳು ‘ಹೌದ್ರಿ’ ನಂಬಿ ಖುಷಿಯಾಗಿ ಹೋಗಿ, ಶುಕ್ರವಾರ ಬಂದು ಜಗಳ ತೆಗೆದರು. ಅದನ್ನು ನೋಡಿ ನಾನು ನಕ್ಕೆ. ರಜಿಯಾಬಿ ನಗಲಿಲ್ಲ.

“ಮನ್ಯಾಗ ನಾವು ಕನ್ನಡ ಮಾತಾಡಂಗಿಲ್ಲ ಸರ,” ಎಂದರು. “ಇಷ್ಟ ವರ್ಷ ನನ್ನ ಕೂಡ ಆಡಿದ್ದು ಒಂದೂ ಉಳೀಲಿಲ್ಲ. ಗಿರಾಕಿಗಿ ಅನ್ನೋದು ಉಳದಾದ ನೋಡ್ರಿ.”

ನಾನು ಮಾಸ್ತರಿಕೆ ಬಿಡದೆ ಶುರು ಮಾಡಿದೆ: ಹೊಸ ಮಾತು ಕಟ್ಟುವ ಜಾಗ ಬೇರೆ ಇರುತ್ತದೆ ಭಾಬಿ, ಬಾಯಿಪಾಠವಾದ ಮಾತು ಬೇರೆ ದಾರಿಯಲ್ಲಿ ಬರಬಹುದು, ಎಣಿಕೆ, ದುವಾ, ಬೈಗುಳ… ರಜಿಯಾಬಿ ನಡುವೆಯೇ ತಡೆದರು: “ಪುಸ್ತಕ ಇರ್ಲಿ ಸರ. ಮಾತು ಯಾವಾಗ ಬರತಾದ, ಅದು ಹೇಳ್ರಿ.” ಅದು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ.

ಆದರೆ ಎಣಿಕೆ ನಿಜವಾಗಿಯೂ ಬಂತು. ಡಾಕ್ಟರು ಹೇಳಿದಂತೆ ರಜಿಯಾಬಿ ‘ಏಕ್’ ಎಂದರೆ ಸಾಕು, ಅವನು ದೋ, ತೀನ್ ಎಂದು ನೂರರವರೆಗೂ ಓಡುತ್ತಿದ್ದ. ಎಣಿಸುವುದು ಮಾತಲ್ಲ ಎಂದು ಅವರ ವಾದ.

ಮೊನ್ನೆ ಎರಡೂವರೆ ಮೀಟರ್ ಬಟ್ಟೆ ಹಿಡಿದು ಅಂಗಡಿಗೆ ಹೋದೆ. ಅದು ಅಂಗಿಗೆಂದು ತಂದದ್ದಲ್ಲ, ತಪ್ಪಾಯಿತು ಎನ್ನುವುದಕ್ಕೆ. ಖಾಜಾಸಾಬ ಬಟ್ಟೆ ಸವರಿ ನೋಡಿದ. ಟೇಪು ಕೊರಳಿಗೆ ಹಾಕಿಕೊಂಡು ಎದ್ದು ನಿಂತ. ರಜಿಯಾಬಿ ಅಳತೆಯ ಪುಸ್ತಕ ಹಿಡಿದು ಕೂತರು.

ಟೇಪಿನ ಅಂಕಿ ಅವನಿಗೆ ಗೊತ್ತಾಗುತ್ತದೆ, ಹೇಳಲಾಗುವುದಿಲ್ಲ. ಅದಕ್ಕೆ ಒಂದು ಉಪಾಯ ಕಂಡುಕೊಂಡಿದ್ದ: ಉಗುರನ್ನು ಅಂಕಿಯ ಮೇಲಿಟ್ಟು, ಈಗ ಯಾರೂ ಶುರು ಮಾಡಿಕೊಡದೆ ತಾನೇ ಏಕ್‌ನಿಂದ ಎಣಿಸುತ್ತ ಹೋಗಿ ಆ ಅಂಕಿಗೆ ನಿಲ್ಲುವುದು. ಭುಜ ಅಠಾರಾಕ್ಕೆ, ಅಂದರೆ ಹದಿನೆಂಟಕ್ಕೆ ಮುಗಿಯಿತು. ಎದೆ ಚಾಲೀಸ್, ನಲವತ್ತು. ಮುಂದೆ ಹೊಟ್ಟೆ.

ಹೊಟ್ಟೆಯ ಅಳತೆಗೆ ನನ್ನದೊಂದು ಹಳೆಯ ಕಳ್ಳಾಟವಿದೆ. ಟೇಪು ಸುತ್ತುವಾಗ ಉಸಿರೆಳೆದು ಹೊಟ್ಟೆ ಒಳಗೆ ತಗೊಂಡು ನಿಲ್ಲುತ್ತೇನೆ. ಟೇಲರು ಥಟ್ಟನೆ ಅಂಕಿ ಕೂಗುತ್ತಾನೆ, ಮಾನ ಉಳಿಯುತ್ತದೆ. ಅಂದೂ ಅಭ್ಯಾಸಬಲದಿಂದ ಉಸಿರೆಳೆದೆ. ಅವನು ‘ಏಕ್’ ಎಂದ ಮೇಲೆ ನನಗೆ ಹೊಳೆಯಿತು, ಮೂವತ್ತೊಂಬತ್ತರವರೆಗೆ ಹೀಗೇ ನಿಲ್ಲಬೇಕಲ್ಲ! ಬಾರಾ, ತೇರಾ. ಕಿವಿ ಬೆಚ್ಚಗಾಯಿತು. ಬೀಸ್ ದಾಟಿತು. ಕಣ್ಣಲ್ಲಿ ನೀರು ಬಂತು. ತೀಸ್ ಎನ್ನುವಾಗ ಖಾಜಾಸಾಬ ಕತ್ತೆತ್ತಿ ನನ್ನ ಕೆಂಪು ಮುಖ ನೋಡಿದ. ಎಣಿಕೆ ನಿಂತಿತು. ಅವನ ಸೊಟ್ಟ ತುಟಿ ಏನನ್ನೋ ಹುಡುಕಾಡಿತು.

“ದಮ್ ಛೋಡೋ, ಸರ್,” ಎಂದ.

ಉಸಿರು ಬಿಡಿ. ನನಗೆ ಸದಾ ಕನ್ನಡದಲ್ಲಿ ಹೇಳುತ್ತಿದ್ದವನು ಮನೆಮಾತಿನಲ್ಲಿ ಹೇಳಿದ್ದ. ರಜಿಯಾಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಲೇ ನಗತೊಡಗಿದರು.

ಅದು ಸಾವಿರ ಗಿರಾಕಿಗಳಿಗೆ ಹೇಳಿಹೇಳಿ ಬಾಯಿಪಾಠವಾಗಿದ್ದ ಮಾತೋ, ನನ್ನ ಅವಸ್ಥೆ ನೋಡಿ ಆಗಷ್ಟೇ ಕಟ್ಟಿದ ಮಾತೋ? ಯಾವ ಹಾಲೆ, ಯಾವ ದಾರಿ? ಕೇಳಬಹುದಿತ್ತು. ಕೇಳಲು ಉಸಿರು ಬೇಕಲ್ಲ. ಹಠ ಹಿಡಿದು ಉಸಿರು ಕಟ್ಟುವುದು ಮುಮ್ಮೆದುಳಿನ ದೊಡ್ಡಸ್ತಿಕೆ, ಬಿಡಿಸುವುದು ಹಿಮ್ಮೆದುಳಿನ ದಯೆ. ಅದು ಬೇರೆ ಪಾಠ.

ಬಿಟ್ಟೆ. ಟೇಪು ಮೂರು ಇಂಚು ಹಿಗ್ಗಿತು. ಖಾಜಾಸಾಬ ಉಗುರನ್ನು ಹೊಸ ಅಂಕಿಗೆ ಸರಿಸಿ ಮತ್ತೆ ಏಕ್‌ನಿಂದ ಶುರು ಮಾಡಿದ. ಈ ಸಲ ಮೂವರೂ ಎಣಿಸಿದೆವು.