ಸೋತವರು ಬಡಿಸಬೇಕು

ಸನತ್‌ನಗರದ ನಮ್ಮ ಪುಟ್ಟ ಖಾಸಗಿ ಹೈಸ್ಕೂಲು ನಡೆಯುತ್ತಿದ್ದದ್ದು ಬಾಡಿಗೆಯ ಎರಡಂತಸ್ತಿನ ಮನೆಯಲ್ಲಿ. ಅಡುಗೆಮನೆಯೇ ಸೈನ್ಸ್ ಲ್ಯಾಬು. ಹೆಮ್ಮೆಪಡಲು ಇದ್ದದ್ದೆಂದರೆ ಹಿತ್ತಲಿಗೆ ಅಂಟಿಕೊಂಡ ಫುಟ್‌ಬಾಲ್ ಮೈದಾನ. ನಾನು ಸಮಾಜಪಾಠ ಹೇಳುತ್ತಿದ್ದ ಕೋಣೆಯ ಕಿಟಕಿಯಿಂದ ಗೋಲ್‌ಪೋಸ್ಟ್ ಕಾಣುತ್ತಿತ್ತು. ಹಾಗಾಗಿ ಮೊಘಲರ ಆಡಳಿತವನ್ನು ಪೂರ್ತಿ ಕೇಳಿಸಿಕೊಂಡ ಹುಡುಗ ನಮ್ಮ ಶಾಲೆಯಲ್ಲಿ ಇದ್ದಿರಲಾರ.

ವರ್ಷಕ್ಕೊಮ್ಮೆ ಪಕ್ಕದ ಗಲ್ಲಿಯ ಶಾಲೆಯೊಂದಿಗೆ ಪಂದ್ಯ. ಕಪ್, ಪದಕ ಏನೂ ಇಲ್ಲ, ಊಟವೇ ಬಹುಮಾನ. ಸುತ್ತಲಿನ ಕ್ವಾರ್ಟರ್ಸಿನಲ್ಲಿದ್ದ ಕನ್ನಡದ ತಾಯಂದಿರು ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಕಳಿಸುವರು. ಸೋತ ಶಾಲೆಯ ಪಿ.ಟಿ. ಮಾಸ್ತರರು ಎಲ್ಲರನ್ನೂ ಸಾಲಾಗಿ ಕೂಡಿಸಿ ಬಡಿಸಬೇಕು. ಊರು ತೆಲುಗಿನದಾದರೂ ಎರಡೂ ಕಡೆಯ ಮಾಸ್ತರರು ಕನ್ನಡದವರೇ. ನಮ್ಮವರು ಬೀದರಿನವರು, ಅವರು ರಾಯಚೂರಿನವರು. ಬಡಿಸುವವರು ಬಗ್ಗಿದಷ್ಟೂ ಕೂತವರ ನಾಲಿಗೆ ಚುರುಕಾಗುತ್ತಿತ್ತು.

“ಮೆಲ್ಲಕ ಇಡ್ರಿ ಮಾಸ್ತರ, ನಿಮ್ಮ ಗೋಲ್‌ಕೀಪರ್ ಹಂಗ ಕೈ ಬಿಟ್ಟೀರಿ.”

ಆಮೇಲೆ ಗಚ್ಚಿಬೌಲಿಯಲ್ಲಿ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಎದ್ದವು. ಅಲ್ಲಿ ತಮ್ಮ ಮಗನಿಗೊಂದು ಕುರ್ಚಿ ಕಾದಿದೆ ಎಂಬ ನಂಬಿಕೆ ಪ್ರತಿ ಮನೆಗೂ ಬಂತು. ಎಂಟನೆಯ ತರಗತಿ ಮುಟ್ಟುತ್ತಲೇ ಮಕ್ಕಳು ಶಾಲೆ ಬಿಟ್ಟ ಕೂಡಲೇ ಅಮೀರ್‌ಪೇಟೆಯ ಕೋಚಿಂಗಿಗೆ ಬಸ್ಸು ಹತ್ತತೊಡಗಿದರು. ಒಬ್ಬ ತಾಯಿಯಂತೂ ನಮ್ಮ ಪಿ.ಟಿ. ಮಾಸ್ತರರನ್ನು ನಿಲ್ಲಿಸಿ, “ಸರ, ನಮ್ಮ ಹುಡುಗನ ಕಾಲು ಭಾಳ ಚಲೋ ಅಂತೀರಿ. ಕಾಲಿಂದ ಕಂಪ್ಯೂಟರ್ ಒತ್ತಾಕ ಬರ್ತೈತೇನ್ರಿ?” ಎಂದು ಕೇಳಿಯೇ ಬಿಟ್ಟರು. ಮಾಸ್ತರರು ಕೊರಳಿನ ಸೀಟಿ ತಿರುವುತ್ತ ನಿಂತರು.

ಒಂದು ವರ್ಷ ಶಾಲೆಯ ಮಾಲೀಕರು ಮಾಸ್ತರರನ್ನು ಕರೆದು, ಕಿಟಕಿಯಲ್ಲಿ ಇಣುಕಿ, “ಗ್ರೌಂಡ್ ಖಾಳೀಗಾನೇ ಉಂದಿ ಕದಾ ಮಾಸ್ಟಾರು,” ಎಂದು ತೆಲುಗಿನಲ್ಲಿ ಅಂದರು. ಖಾಲಿ ಬಿದ್ದದ್ದಕ್ಕೆ ಸಿಮೆಂಟು ಹಾಕಿಸಿ ಸ್ಕೂಲ್ ಬಸ್ಸು ನಿಲ್ಲಿಸುವ ವಿಚಾರ ಅವರದು. ಈ ಸಲ ಪಂದ್ಯ ನಡೆದರೆ ಮೈದಾನ ಉಳಿಯುತ್ತದೆ, ಇಲ್ಲವಾದರೆ ಸಿಮೆಂಟು ಎಂದು ಕರಾರು ಹಾಕಿದರು. ಮಾಸ್ತರರ ಮುಖ ಗಾಳಿ ಹೋದ ಚೆಂಡಿನಂತಾಯಿತು. ತಂಡದ ಅರ್ಧದಷ್ಟು ಹುಡುಗರು ಕೋಚಿಂಗಿನಲ್ಲಿದ್ದರು. ಆದರೆ ಅದನ್ನು ರಾಯಚೂರಿನವರಿಗೆ ತಿಳಿಸಲು ಅವರು ಸುತರಾಂ ಒಪ್ಪಲಿಲ್ಲ.

“ಅಕ್ಕೋರ, ಆ ಮನಶ್ಯಾ ಆಡ್ಕೊಂಡು ನಗತಾನ. ನೀವು ನನ್ನ ಸಂಗಾಟ ಬರ್ರಿ. ಕೋಚಿಂಗಿನ ಬಾಗಲದಾಗ ನಾ ಹುಡುಗೂರ ಕಾಕಾ, ನೀವು ಕಾಕು. ಮನ್ಯಾಗ ಪೂಜಾ ಐತಿ ಅಂತ ಹೇಳಿ ಕರಕೊಂಡು ಬರೂಣು.”

ಪಂದ್ಯದ ದಿನ ಶನಿವಾರ, ಅರ್ಧ ದಿನದ ಶಾಲೆ; ಮಧ್ಯಾಹ್ನವೇ ಕೋಚಿಂಗಿನ ಬಾಗಿಲಿಗೆ ಹೋಗಿ ನಿಂತೆವು. ಕಾವಲುಗಾರ ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ಸಬ್ ಕೆ ಚಾಚಾ ಆಜೀಚ್ ಆಯೆ ಕ್ಯಾ?” ಎಂದ; ಎಲ್ಲರ ಕಾಕಾಗಳೂ ಇವತ್ತೇ ಬಂದಿರೇನು ಎಂದು ಅವನ ಗುಮಾನಿ. ಪಕ್ಕದ ಬೆಂಚು ತೋರಿಸಿದ. ಅಲ್ಲಿ ಇನ್ನೊಬ್ಬ ಚಾಚಾ ಆಗಲೇ ಕೂತಿದ್ದರು. ರಾಯಚೂರಿನ ಮಾಸ್ತರರು; ಹಣೆಯ ಮೇಲೆ ಕುಂಕುಮ ಬೇರೆ.

“ನಿಮ್ಮ ಮನ್ಯಾಗ ಏನ್ ಪೂಜಾ ಐತ್ರಿ?” ನಮ್ಮವರು ಕೇಳಿದರು.

“ಸತ್ಯನಾರಾಯಣರಿ. ನಿಮ್ಮದು?”

“ನಮ್ಮದೂ ಅದ ರೀ.”

“ಎಷ್ಟು ಹುಡುಗೂರು ಕಮ್ಮಿ ಬಿದ್ದಾರ?” ಎಂದು ರಾಯಚೂರಿನವರು. “ಮೊದಲ ನೀವು ಹೇಳ್ರಿ,” ಎಂದು ನಮ್ಮವರು. ಸಂಜೆಯವರೆಗೂ ಇದೇ ನಡೆದೀತೆಂದು ನಾನು ಬಾಯಿ ಹಾಕಿದೆ. “ಎರಡೂ ಸಾಲಿ ಹುಡುಗೂರ್ನ ಕೂಡಿಸಿ ಎರಡು ಪಾಲು ಮಾಡ್ರಿ. ಟೀಮು ಯಾರದರೆ ಆಗಲಿ, ಆಟ ಆಗಬೇಕು.”

ಕಾವಲುಗಾರನಿಗೆ ನಮ್ಮ ಭಾಷೆ ತಿಳಿಯದಿದ್ದರೂ ನಮ್ಮ ಅವಸ್ಥೆ ತಿಳಿಯಿತು. ನಗುತ್ತಲೇ ಮಹಡಿಯ ಕ್ಲಾಸಿನಿಂದ ನಾಲ್ಕೈದು ಹುಡುಗರನ್ನು ಕೆಳಗೆ ಕಳಿಸಿದ.

ಮೈದಾನದಲ್ಲಿ ಎಲ್ಲರನ್ನೂ ಬೆರೆಸಿದೆವು. ಹನ್ನೊಂದರ ಆಟ ಏಳರದಾಯಿತು. ಎರಡೂ ಶಾಲೆಯ ಅಂಗಿಗಳು ಎರಡೂ ಕಡೆ ಇದ್ದವಲ್ಲ, ಗುರುತು ಹಿಡಿಯುವುದು ಹೇಗೆ? ಅಂಗಿ ಚಡ್ಡಿಯೊಳಗೆ ಸೇರಿಸಿದವರು ಒಂದು ತಂಡ, ಹೊರಗೆ ಬಿಟ್ಟವರು ಇನ್ನೊಂದು ಎಂದು ನಮ್ಮ ಮಾಸ್ತರರು ತೀರ್ಮಾನಿಸಿದರು. ಓಡುವ ಹುಡುಗನ ಅಂಗಿ ಎಷ್ಟು ಹೊತ್ತು ಒಳಗಿದ್ದೀತು? ಸೀಟಿ ಊದಿದ ಸ್ವಲ್ಪ ಹೊತ್ತಿಗೆಲ್ಲ ಇಡೀ ಮೈದಾನ ಒಂದೇ ತಂಡವಾಯಿತು. ಹುಡುಗರು ಸಿಕ್ಕಿದ ಕಡೆ ಗೋಲು ಹೊಡೆದರು, ಹೊಡೆದವರನ್ನೆಲ್ಲ ಎಲ್ಲರೂ ಅಪ್ಪಿಕೊಂಡರು. ಇಬ್ಬರು ಮಾಸ್ತರರೂ ಎರಡೂ ಗೋಲ್‌ಪೋಸ್ಟಿನ ಕಡೆ ಕೈಬೀಸಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಗಲಾಟೆ ಕೇಳಿ ಮಾಲೀಕರು ಕೆಳಗಿಳಿದು ಬಂದು ಗೆರೆಯ ಪಕ್ಕ ನಿಂತರು.

ಆಟ ಮುಗಿಯಿತು. ಹುಡುಗರು ಸಾಲಾಗಿ ಕೂತರು. ರೊಟ್ಟಿಯ ಬುಟ್ಟಿ ನಡುವೆ ಹಾಗೆಯೇ ಇತ್ತು. ಬೀದರು ರಾಯಚೂರನ್ನು ನೋಡಿತು, ರಾಯಚೂರು ಬೀದರನ್ನು.

“ಇಂತಕೀ ಓಡಿಂದೆವರು?” ಎಂದು ಮಾಲೀಕರು ಕೇಳಿದರು. ಸೋತವರು ಯಾರೆಂದು ಹೇಳಲು ಯಾರಿಗೂ ಬರಲಿಲ್ಲ. ಅವರು ಮೈದಾನದ ಕಡೆಗೊಮ್ಮೆ ತಿರುಗಿ ನೋಡಿ, “ಅಯಿತೇ ನೇನೇ ಓಡಾನು,” ಎಂದು ತೋಳು ಮಡಚಿ ಬುಟ್ಟಿ ಎತ್ತಿಕೊಂಡರು. ಸೋತವನು ನಾನೇ ಎಂದು ಒಪ್ಪಿಕೊಂಡ ಮನುಷ್ಯ ಆ ಮೈದಾನದಲ್ಲಿ ಅವರೊಬ್ಬರೇ.

“ಮೆಲ್ಲಕ ಇಡ್ರಿ ಸಾಹೇಬ್ರ,” ಇಬ್ಬರು ಮಾಸ್ತರರೂ ಒಂದೇ ಉಸಿರಿಗೆ ಅಂದರು.

ಆ ವರ್ಷ ಮೈದಾನ ಉಳಿಯಿತು. ಆದರೆ ಹನ್ನೊಂದು ಹುಡುಗರು ಮತ್ತೆಂದೂ ಕೂಡಲಿಲ್ಲ. ಕೆಲವು ವರ್ಷಗಳಲ್ಲಿ ಅರ್ಧ ಮೈದಾನಕ್ಕೆ ಸಿಮೆಂಟೂ ಬಂತು. ಉಳಿದರ್ಧದಲ್ಲಿ ಐದೈದು ಜನರ ಪಂದ್ಯ ನಡೆಯುತ್ತ ಹೋಯಿತು. ರೊಟ್ಟಿ ಮಾತ್ರ ಎರಡು ಪೂರ್ತಿ ತಂಡಗಳಿಗಾಗುವಷ್ಟು ಬರುತ್ತಲೇ ಇತ್ತು. ಮಗನನ್ನು ಕೋಚಿಂಗಿಗೆ ಕಳಿಸಿದ ತಾಯಂದಿರೂ ಅವನ ಪಾಲಿನ ರೊಟ್ಟಿಯನ್ನು ಮೈದಾನಕ್ಕೇ ಕಳಿಸುತ್ತಿದ್ದರು.