ವರ್ಲಿನ್ನನ ಟ್ರೇಲರು

ಗುರುವಾರ ಬೆಳಗಾಗುವ ಹೊತ್ತಿಗೆ ವರ್ಲಿನ್ನನಿಗೆ ದಿಕ್ಕೇ ತೋಚದಂತಾಗಿತ್ತು. ಐದು ಟನ್ನಿನ ಮಣ್ಣು ಅಗೆಯುವ ಯಂತ್ರವನ್ನು ಹೊರುತ್ತಿದ್ದ ಹಳೆಯ ಟ್ರೇಲರು ತುಕ್ಕು ತಿಂದು ಮುರಿದುಬಿದ್ದಿತ್ತು. ಸೋಮವಾರ ಯಂತ್ರ ಗುಡ್ಡದಾಚೆಯ ಕೆಲಸಕ್ಕೆ ಹೋಗಲೇಬೇಕು. ಹೊಸದನ್ನು ಕೊಳ್ಳುವುದೋ, ತಾನೇ ಕಟ್ಟುವುದೋ? ನಲವತ್ತು ವರ್ಷ ಅಮೆರಿಕದ ಒಕ್ಲಹೋಮಾ ರಾಜ್ಯದ ಉದ್ದಗಲಕ್ಕೂ ಎಣ್ಣೆ ಪೈಪು ವೆಲ್ಡ್ ಮಾಡಿದವನು ಅಂಗಡಿಯ ಟ್ರೇಲರು ಎಳೆದುಕೊಂಡು ಬಂದರೆ ಊರವರು ಆಡಿಕೊಳ್ಳದೆ ಬಿಡುತ್ತಾರೆಯೇ? ಅವರಿಗೆ ಬೇರೆ ಕೆಲಸವಾದರೂ ಏನಿದೆ!

ಹೆಂಡತಿ ನಡೀನ್ ಶೆಡ್ಡಿನ ಬಾಗಿಲಿಗೆ ಬಂದಳು. “ಕೊಂಡುಬಿಡೋ ಮಾರಾಯ. ಹೆದ್ದಾರಿ ಪಕ್ಕದ ಅಂಗಡೀಲಿ ಸಾಲಾಗಿ ನಿಲ್ಸಿದಾರಲ್ಲ.”

“ಅವುಗಳ ವೆಲ್ಡಿಂಗ್ ನೋಡಿದೀಯಾ? ಕೋಳಿ ಕೆದಕಿದ ಹಾಗಿದೆ.”

“ನಿನ್ ಕೈ ನಡುಗೋದನ್ನೂ ನೋಡಿದೀನಿ.”

ವರ್ಲಿನ್ ಕೈಯನ್ನು ಜೇಬಿಗೆ ತುರುಕಿಕೊಂಡ. ಚಳಿಗಾಲದಿಂದೀಚೆಗೆ ಬಲಗೈ ಹಿಡಿತ ತಪ್ಪುತ್ತಿತ್ತು. ಯಾರಿಗೂ ಗೊತ್ತಾಗಿಲ್ಲ ಅಂದುಕೊಂಡಿದ್ದ, ಪಾಪ. ಗುಡ್ಡದ ಇಳಿಜಾರಿನಲ್ಲಿ ಒಂದು ವೆಲ್ಡಿಂಗ್ ಬಿಟ್ಟುಕೊಂಡರೆ ಐದು ಟನ್ನು ಎದುರು ಬರುವವರ ಮೇಲೆ ಹೋಗುತ್ತದೆ. ಶಾಲೆಯ ಬಸ್ಸು ಓಡಾಡುವುದೂ ಅದೇ ರಸ್ತೆಯಲ್ಲಿ.

ಅವನ ಕಸುಬಿನಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ. ಕೆಲಸ ಕೇಳಿಕೊಂಡು ಬಂದವನ ಕೈಯಲ್ಲಿ ಎರಡು ಕಬ್ಬಿಣದ ತುಂಡು ವೆಲ್ಡ್ ಮಾಡಿಸಿ, ಅದರಿಂದ ಒಂದು ಪಟ್ಟಿ ಕತ್ತರಿಸಿ ಬಗ್ಗಿಸುತ್ತಾರೆ. ಬಿರುಕು ಬಿಟ್ಟರೆ ಅಲ್ಲಿಂದಲೇ ಮನೆಗೆ. ಹಾಗೆ ಎಷ್ಟೋ ಜನರನ್ನು ವರ್ಲಿನ್ನನೇ ವಾಪಸು ಕಳಿಸಿದ್ದ, ಮುಖ ಎತ್ತಿಯೂ ನೋಡದೆ.

ಈಗ ಅವನು ಎರಡು ತುಂಡುಗಳನ್ನು ಜೋಡಿಸಿದ. ಉಸಿರು ಬಿಗಿಹಿಡಿದು, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಅದುಮಿಕೊಂಡು ವೆಲ್ಡ್ ಮಾಡಿದ. ನೋಡಲು ಚೆನ್ನಾಗಿಯೇ ಬಂತು. ಆರಿದ ಮೇಲೆ ಪಟ್ಟಿ ಕತ್ತರಿಸಿ, ಕಬ್ಬಿಣ ಬಿಗಿಹಿಡಿಯುವ ವೈಸಿಗೆ ಸಿಕ್ಕಿಸಿ, ಅದರ ತುದಿಗೆ ಉದ್ದನೆಯ ಪೈಪು ತೂರಿಸಿ ಮೈಭಾರವನ್ನೆಲ್ಲ ಹಾಕಿ ಬಗ್ಗಿಸತೊಡಗಿದ.

“ತಡ್ಕೋ, ನಮ್ಮಪ್ಪ, ತಡ್ಕೋ,” ಎಂದು ಕಬ್ಬಿಣಕ್ಕೆ ಗೋಗರೆದ.

ಅರ್ಧ ಬಗ್ಗುವಷ್ಟರಲ್ಲಿ ಟಕ್ಕೆಂದಿತು. ಬಿರುಕಿನೊಳಗೆ ಉಗುರು ತೂರುವಷ್ಟು ಜಾಗವಿತ್ತು. ಅವನಿಗೆ ಅಳು ಒತ್ತರಿಸಿಕೊಂಡು ಬಂತು.

ಅಷ್ಟು ಹೊತ್ತು ಕೊಂಡುಬಿಡು ಎನ್ನುತ್ತಿದ್ದ ನಡೀನಳಿಗೆ ಅದನ್ನು ನೋಡಲಾಗಲಿಲ್ಲ. “ಇನ್ನೊಂದ್ ಸಲ ಮಾಡೋ. ಕಾಫಿ ಕುಡಿದು ಮಾಡು. ಈ ಸಲ ಸರಿಹೋಗುತ್ತೆ.”

“ಇಲ್ಲ ಕಣೇ.” ವರ್ಲಿನ್ ಪಟ್ಟಿಯನ್ನು ವೈಸಿನಿಂದ ಬಿಡಿಸಿದ. “ಇನ್ನೊಂದ್ ಸಲ ಅಂತ ನಾನು ಯಾರಿಗೂ ಕೊಟ್ಟೋನಲ್ಲ. ನಡಿ, ಆ ಅಂಗಡಿಗೆ ಹೋಗೋಣ.”