ಅಂಕಲ್ ಬೆರಳಿಗೆ ಮಾತ್ರ ತೆರೆಯುವ ಫೋನು

ಅಡಿಲೇಡ್‌ನ ನಮ್ಮ ಬಡಾವಣೆ ಪ್ರಾಸ್ಪೆಕ್ಟ್‌ನಿಂದ ಮೂರು ಗಂಟೆ ದೂರದ ಹಳ್ಳಿಗೆ, ಹಿರಿಯರಿಗೆ ಫೋನ್ ಕಲಿಸಲು ಅಂಕಲ್ ಒಬ್ಬರ ಜೊತೆ ಹೋಗಿದ್ದೆ. ಸಾಫ್ಟ್‌ವೇರ್‌ನವರಾದ ಅಂಕಲ್ ಪ್ರಕಾರ ಕಲಿಸುವುದೆಂದರೆ ಫೋನ್ ಕಿತ್ತುಕೊಳ್ಳುವುದು. ಆ ವೇಗಕ್ಕೆ ಹದ್ದುಗಳೂ ಅವರ ಬಳಿ ಟ್ಯೂಷನ್‌ಗೆ ಸೇರಬೇಕು.

ಅಲ್ಲಿನ ಆಸ್ಪತ್ರೆ ಡಾಕ್ಟರ ತಾಯಿ, ಮೈಸೂರು ಕಡೆಯ ಅಜ್ಜಿಯೊಬ್ಬರು, ಆಸೆಯಿಂದ ಬಂದಿದ್ದರು. ಸೋಮವಾರ ಅಡಿಲೇಡ್‌ನ ಕಣ್ಣಿನ ಡಾಕ್ಟರು ವಿಡಿಯೋದಲ್ಲಿ ಅವರನ್ನು ನೋಡುವವರಿದ್ದರು. ಮಗ ಡ್ಯೂಟಿಯಲ್ಲಿರುವುದರಿಂದ ಅಜ್ಜಿಯೇ ಫೋನ್ ತೆರೆದು ಲಿಂಕ್ ಒತ್ತಬೇಕಿತ್ತು.

ಪಾತ್ರೆ ಉಜ್ಜಿ ಸವೆದ ಅವರ ಹೆಬ್ಬೆರಳನ್ನು ಫೋನ್ ಒಪ್ಪಲಿಲ್ಲ. ಅಂಕಲ್ ತಮ್ಮದನ್ನೇ ಒತ್ತಿ ಅದರ ಗುರುತನ್ನು ಫೋನಿಗೆ ಸೇರಿಸಿದರು. ಯಾವ ಸಂಖ್ಯೆಯೆಂದು ಹೇಳದೆ ಪಿನ್ನನ್ನೂ ತಾವೇ ಹಾಕಿದರು.

"ಆಯ್ತು ಆಂಟಿ, ಎಷ್ಟು ಈಸಿ ನೋಡಿ."

"ಅಂಕಲ್, ಅದು ನಿಮ್ಮ ಬೆರಳು," ಎಂದೆ.

"ನಿಂಗೆ ಗೊತ್ತಾಗಲ್ಲ, ಸುಮ್ನಿರು."

ನನ್ನ ತಲೆಯ ಮೇಲೆ ದೋಸೆ ಹುಯ್ದಿದ್ದರೆ ಗರಿಗರಿಯಾಗಿ ಏಳುತ್ತಿತ್ತು. ವಾಪಸ್ ಬರುವಾಗ ಇಲ್ಲಿನವರು ಸರ್ವೋ ಎನ್ನುವ ಬಂಕಿನಲ್ಲಿ ಪೆಟ್ರೋಲ್ ಹಾಕಿಸುತ್ತಿದ್ದೆವು. ಅಜ್ಜಿ ಮನೆಯ ಲ್ಯಾಂಡ್‌ಲೈನ್‌ನಿಂದ ಅಂಕಲ್‌ಗೆ ಕರೆ ಮಾಡಿದರು.

"ಫೋನ್ ತೆರ್ಕೊಳ್ತಿಲ್ಲ ಕಣಪ್ಪ."

"ಬೆರಳು ಇಡಿ ಆಂಟಿ."

"ಯಾರ್ದು?"

ಅಂಕಲ್ ತಮ್ಮ ಹೆಬ್ಬೆರಳನ್ನೇ ನೋಡುತ್ತ ನಿಂತರು.

"ಕಾರ್ ತಿರುಗ್ಸಿ ಅಂಕಲ್," ಎಂದೆ. "ಇಲ್ಲಾಂದ್ರೆ ಬೆರಳನ್ನ ಪೋಸ್ಟ್ ಮಾಡಿ."

ತಿರುಗಿಸಿದರು. ಅಜ್ಜಿಯ ಮನೆಯಲ್ಲಿ ಅಂಕಲ್ ಕೈ ಮತ್ತೆ ಫೋನಿನತ್ತ ಹೊರಟಿತು. ನಾನು ಬಿಸಿ ಕಾಫಿಯ ಎರಡು ಲೋಟ ತಂದು ಅವರ ಎರಡೂ ಕೈಗೆ ಕೊಟ್ಟೆ. ಅಜ್ಜಿ ಅಂಕಲ್ ಪಿನ್ ತೆಗೆದು ತಮಗಿಷ್ಟವಾದ ಹೊಸ ಪಿನ್ ಹಾಕಿದರು, ಫೋನ್ ಮುಚ್ಚಿದರು, ಮತ್ತೆ ತಾವೇ ತೆರೆದರು.

"ಪಿನ್ ಏನು ಹಾಕಿದ್ರಿ ಆಂಟಿ?" ಅಂಕಲ್ ಕೇಳಿದರು.

"ನೀನು ಕಾಫಿ ಕುಡಿಯಪ್ಪ," ಎಂದರು ಅಜ್ಜಿ.